ಬಾಡಿಗೆ ಕೇಳುವ ಮೊದಲು ಮನೆಯ ಮಾಡು ನೋಡೋಣ

ಮಗಳೇ, ನಿನ್ನೆ ರಾತ್ರಿ ನೀನು ನಮ್ಮ ಕುಟುಂಬದ ಗುಂಪಿಗೆ ಹಾಕಿದ್ದನ್ನು ಎರಡು ಸಲ ಓದಿದೆ. ಮಾತಿನಲ್ಲೇ ಹೇಳಿ ಕಳುಹಿಸೋಣವೆಂದು ಫೋನ್ ಕೈಗೆತ್ತಿಕೊಂಡರೆ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ನನ್ನ ಸ್ವರ ನನಗೇ ಕೇಳಿಸಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಸಮಾಧಾನದಿಂದ ಓದು.

ಮಡಿಕೇರಿಯ ನಿಮ್ಮ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ಮೇಷ್ಟ್ರು ಜೂನ್ ಮತ್ತು ಜುಲೈ ತಿಂಗಳ ಬಾಡಿಗೆಯಲ್ಲಿ ಒಟ್ಟು 14,500 ರೂಪಾಯಿ ಹಿಡಿದುಕೊಂಡು, ಮಾಡಿನ ಶೀಟು ರಿಪೇರಿಗೆ ಅಷ್ಟು ಖರ್ಚಾಯಿತೆಂದು ಹೇಳಿ, ಉಳಿದದ್ದನ್ನು ಮಾತ್ರ ಹಾಕಿದ್ದಾರೆ ಎಂದು ಬರೆದಿದ್ದೀಯ. ನಿನ್ನ ಅಣ್ಣ ದುಬೈಯಿಂದ ಫೋನ್ ಮಾಡಿ, ಈ ತಿಂಗಳೇ ಖಾಲಿ ಮಾಡಿಸಬೇಕು, ಆ ಹಣವನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬೇಕು, ಒಪ್ಪದಿದ್ದರೆ ನೀರು ನಿಲ್ಲಿಸಬೇಕು ಎಂದನಂತೆ. ಗುಂಪಿನಲ್ಲಿ ಬೆಳಿಗ್ಗೆಯಿಂದ ಅದಕ್ಕೆ ಹೌದೆನ್ನುವವರೇ ಹೆಚ್ಚು. ನಾನು ಮಾತ್ರ ಬೇಡ ಎನ್ನುತ್ತೇನೆ. ಆ ಮೇಷ್ಟ್ರು ಮಾಡಿದ್ದು ಸರಿಯಾಗಿದೆ, ತಪ್ಪು ನಮ್ಮ ಕಡೆಯದು, ಮತ್ತು ಅದನ್ನು ಈ ಮಳೆಗಾಲದಲ್ಲೇ ಸರಿಪಡಿಸಿಕೊಳ್ಳದಿದ್ದರೆ ಬರುವ ವರ್ಷ ಆ ಮನೆಗೆ ಬಾಡಿಗೆಯವರು ಮಾತ್ರವಲ್ಲ, ನೀವೂ ಕಾಲಿಡಲಾಗದಂತಾಗುತ್ತದೆ.

ಇಂದು ಬೆಳಿಗ್ಗೆ ಅವರಿಗೆ ಫೋನ್ ಮಾಡಿ ಮಾತಾಡಿದೆ. ಅವರು ಕೋಪ ಮಾಡಿಕೊಳ್ಳದೆ ಹಳೆಯ ಸಂದೇಶಗಳನ್ನೆಲ್ಲ ನನಗೆ ಕಳುಹಿಸಿದರು. ಮಾರ್ಚ್ ತಿಂಗಳಲ್ಲಿ ಮೊದಲ ಅಡ್ಡಮಳೆ ಬಂದ ದಿನವೇ ಮಲಗುವ ಕೋಣೆಯ ಮೂಲೆಯಲ್ಲಿ ನೀರಿಳಿದ ಚಿತ್ರ ತೆಗೆದು ನಿನ್ನ ಅಣ್ಣನಿಗೆ ಕಳುಹಿಸಿದ್ದಾರೆ, ಏಪ್ರಿಲ್‌ನಲ್ಲಿ ಮತ್ತೆ, ಮೇ ಕೊನೆಯಲ್ಲಿ ಇನ್ನೊಮ್ಮೆ. ಮೂರಕ್ಕೂ 'ನೋಡೋಣ' ಎಂಬ ಒಂದೇ ಉತ್ತರ ಹೋಗಿದೆ. ಜೂನ್ ಮೊದಲ ವಾರ ಮಳೆ ಹಿಡಿದುಕೊಂಡಾಗ ಅವರ ಮಗಳ ಪಠ್ಯಪುಸ್ತಕಗಳು ಕಪಾಟಿನೊಳಗೇ ಬೂಷ್ಟು ಹಿಡಿದವು. ಆ ಚಿತ್ರವನ್ನೂ ನೋಡಿದೆ: ಗಣಿತ ಪುಸ್ತಕದ ರಟ್ಟಿನ ಮೇಲೆ ಹಸಿರು ಪುಡಿ ಉದುರಿಸಿದ ಹಾಗೆ ಕಾಣುತ್ತದೆ. ಆ ಮೇಲೆ ಅವರೇ ಮೇಸ್ತ್ರಿಯನ್ನು ಹುಡುಕಿ, ಮೂರು ಶೀಟು ಬದಲಾಯಿಸಿ, ಹಳೆಯ ಸ್ಕ್ರೂಗಳನ್ನು ತೆಗೆಸಿ ಹೊಸದು ಹಾಕಿಸಿದ್ದಾರೆ. ಅಂಗಡಿಯ ಬಿಲ್ಲು, ಎರಡು ದಿನದ ಕೂಲಿ, ಎಲ್ಲದರ ಲೆಕ್ಕ ಇದೆ.

ಹೀಗೆ ಮಾಡಲು ಅವರಿಗೆ ಹಕ್ಕಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಓದಿದರೆ, ಮಾಲೀಕನು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ತಕ್ಕಷ್ಟು ಸಮಯದಲ್ಲಿ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತ್ರ ಅದು ನಡೆಯುವುದಿಲ್ಲ. ನಮ್ಮ ಕರಾರಿನಲ್ಲಿ, ನಿನ್ನ ಅಪ್ಪ ತಾನೇ ನಿಂತು ಬರೆಸಿದ ಹಳೆಯ ಪ್ರತಿಯಲ್ಲಿ, ಮಾಡು ಮತ್ತು ಗೋಡೆಯ ದೊಡ್ಡ ರಿಪೇರಿ ಮಾಲೀಕರದ್ದು ಎಂದು ಸ್ಪಷ್ಟವಾಗಿಯೇ ಇದೆ. ಅವರು ಬಡ್ಡಿಯನ್ನೂ ಹಾಕಿಲ್ಲ, ತಮ್ಮ ಮಗಳ ಪುಸ್ತಕದ ಹಣವನ್ನೂ ಕೇಳಿಲ್ಲ.

ನಿನ್ನ ಅಪ್ಪ ಇದ್ದಷ್ಟು ಕಾಲ ಈ ಮಾತೇ ಏಳುತ್ತಿರಲಿಲ್ಲ ಎಂಬುದು ನನ್ನ ಮನಸ್ಸಿಗೆ ಬಹಳ ಹತ್ತಿದೆ. ವಿಷು ಸಂಕ್ರಮಣ ಕಳೆದ ವಾರವೇ ಅವನು ಏಣಿ ಹಾಕಿ ಮಾಡಿಗೆ ಹತ್ತುತ್ತಿದ್ದ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ ತುಂಬ ರಬ್ಬರ್ ವಾಷರ್. ಶೀಟು ಬೇಗ ಹಾಳಾಗುವುದಿಲ್ಲ, ಅದನ್ನು ಹಿಡಿದಿರುವ ಸ್ಕ್ರೂವಿನ ತಲೆಯಡಿಯ ಆ ಕಪ್ಪು ವಾಷರ್ ನಾಲ್ಕು ಬೇಸಿಗೆಯ ಬಿಸಿಲಿಗೆ ಗಟ್ಟಿಯಾಗಿ, ಅಂಚಿನಿಂದ ಸೀಳು ಬಿಟ್ಟು, ಉಗುರಿನಿಂದ ಒತ್ತಿದರೆ ಸುಟ್ಟ ಹಪ್ಪಳದಂತೆ ಮುರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮಳೆಯ ನೀರು ಆ ಸೀಳಿನಿಂದ ಇಳಿದು, ಕಬ್ಬಿಣದ ಪೈಪಿನ ಮೇಲೆ ಹರಿದು, ಹತ್ತು ಅಡಿ ಆಚೆ ಗೋಡೆಯ ತಲೆಯ ಮೇಲೆ ತೊಟ್ಟಿಕ್ಕುತ್ತದೆ, ಹಾಗಾಗಿ ಸೋರುವ ಜಾಗವನ್ನು ಕೆಳಗೆ ನಿಂತು ಹುಡುಕಿದರೆ ಯಾವ ಮೇಸ್ತ್ರಿಗೂ ಸಿಕ್ಕುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಲ್ಲಿ ತಾರಸಿಯ ಮೇಲೆ ಮತ್ತೆ ಶೀಟು ಹೊದಿಸುವುದೇ ಈ ಕಾರಣಕ್ಕೆ, ಆದರೆ ಹೊದಿಸಿದವರು ಮತ್ತೆ ಮೇಲೆ ಹತ್ತದಿದ್ದರೆ ಹೊದಿಸಿದ್ದೂ ವ್ಯರ್ಥ. ಅವನು ಹೋಗಿ ಮೂರು ವರ್ಷ. ಈ ಮೂರು ವರ್ಷದಲ್ಲಿ ಆ ಮಾಡಿಗೆ ನಮ್ಮವರು ಯಾರೂ ಹತ್ತಿಲ್ಲ. ಪಕ್ಕದ ಬೀದಿಯಲ್ಲೇ ಇದ್ದು ನಾನೂ ವಿಚಾರಿಸಲಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ.

ನೀರು ನಿಲ್ಲಿಸುವ ಮಾತಿಗೆ ಬರುತ್ತೇನೆ, ಏಕೆಂದರೆ ಗುಂಪಿನಲ್ಲಿ ಮೂರು ಮಂದಿ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಹದಿನಾರು ವರ್ಷದ ಹಿಂದೆ ನಾನು ಅದೇ ಕೆಲಸ ಮಾಡಿದ್ದೆ. ನನ್ನ ಬಾಡಿಗೆ ಮನೆಯಲ್ಲಿದ್ದವರು ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟಿದ್ದರೆಂದು ಅವರ ಕಡೆಯ ಗೇಟ್ ವಾಲ್ವ್ ತಿರುಗಿಸಿ ಮನೆಗೆ ಬಂದು ಊಟ ಮಾಡಿದೆ. ಮರುದಿನ ಬೆಳಿಗ್ಗೆ ಆ ಮನೆಯ ಅಜ್ಜಿ, ಎಪ್ಪತ್ತು ದಾಟಿದವರು, ಬೀದಿಯ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತು ಆ ಏರು ಹತ್ತುವುದನ್ನು ಕಂಡೆ. ಓಡಿಹೋಗಿ ವಾಲ್ವ್ ತೆಗೆದೆ. ಇಂದಿಗೂ ಆ ಏರಿನಲ್ಲಿ ನಡೆಯುವಾಗ ನನಗೆ ಅದು ನೆನಪಾಗಿ ನಾಚಿಕೆಯಾಗುತ್ತದೆ. ವಕೀಲರು ಆಮೇಲೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ: ನೀರು, ಕರೆಂಟು ಕಡಿದು ಅಥವಾ ಬೀಗ ಜಡಿದು ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಆಗ ಮನೆ ಯಾರದ್ದೆಂಬ ಪ್ರಶ್ನೆಯನ್ನು ನ್ಯಾಯಾಲಯ ಕೇಳುವುದೂ ಇಲ್ಲ. ನಿನ್ನ ಅಣ್ಣನಿಗೆ ಇದನ್ನು ನಾನೇ ಹೇಳುತ್ತೇನೆ. ದೂರದಲ್ಲಿರುವವನಿಗೆ ಸಿಟ್ಟು ಬರುವುದು ಸಹಜ, ಅವನ ಮೇಲೆ ನನಗೆ ಬೇಸರವಿಲ್ಲ.

ಖಾಲಿ ಮಾಡಿಸಿದರೆ ಆಗುವ ನಷ್ಟವನ್ನೂ ಲೆಕ್ಕ ಹಾಕು. ಬಾಡಿಗೆ ತಿಂಗಳಿಗೆ 12,000. ಶಾಲೆ ಶುರುವಾದ ಮೇಲೆ, ಅದೂ ಈ ಮಳೆಯಲ್ಲಿ, ಮಡಿಕೇರಿಯಲ್ಲಿ ಸಂಸಾರವಂದಿಗರು ಮನೆ ಬದಲಾಯಿಸುವುದಿಲ್ಲ. ದಸರಾ ಕಳೆಯುವವರೆಗೆ ಮನೆ ಖಾಲಿ ಬಿದ್ದರೆ ಹೋಗುವ ಬಾಡಿಗೆ ಈಗ ಜಗಳಕ್ಕೆ ಕಾರಣವಾದ ಮೊತ್ತದ ದುಪ್ಪಟ್ಟನ್ನು ಮೀರುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಲೆ ಹೊತ್ತದೆ, ಕಿಟಕಿ ತೆರೆಯದೆ ಮುಚ್ಚಿಟ್ಟ ಮನೆ ಈ ಊರಿನ ಒಂದು ಮಳೆಗಾಲದಲ್ಲಿ ಎಷ್ಟು ಕೆಡುತ್ತದೆಂದು ನಿನಗೆ ಗೊತ್ತು.

ಅಡ್ವಾನ್ಸಿನ ಹಣವನ್ನು ಈಗ ಮುಟ್ಟಲೇಬಾರದು. ಅದು ಅವರು ನಮ್ಮಲ್ಲಿ ಇಟ್ಟ ಹಣ, ಮನೆ ಬಿಡುವಾಗ ಬಾಡಿಗೆ ಬಾಕಿ ಅಥವಾ ಅವರಿಂದಾದ ಹಾನಿ ಇದ್ದರೆ ಮಾತ್ರ ಅದರಲ್ಲಿ ಕಳೆಯಬೇಕು. ಪಶ್ಚಿಮದ ಗೋಡೆಗೆ ಎರಚಲು ಹೊಡೆದು ಬಣ್ಣ ಎದ್ದರೆ ಅದು ಹಾನಿಯಲ್ಲ, ಮಳೆ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿ ಹಲವು ಕಡೆ ಇದೆ, ಆದರೆ ಒಳಗಿನ ಪಾಚಿಗೆ ಅವರನ್ನು ಹೊಣೆ ಮಾಡುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ.

ಈಗ ನಮ್ಮ ಕಾಗದಪತ್ರದ ವಿಷಯ. ಇದು ಸೋರುವ ಮಾಡಿಗಿಂತ ಹೆಚ್ಚು ತಲೆನೋವು ತರುವಂಥದ್ದು. ಕರಾರು 11 ತಿಂಗಳದ್ದು, ಅದು ಮುಗಿದು ಎರಡು ವರ್ಷಕ್ಕೂ ಮೇಲಾಗಿದೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕಾದ್ದರಿಂದ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ, ಸರಿ, ಆದರೆ ಮುಗಿದಾಗ ಹೊಸದು ಬರೆಸಬೇಕೆಂಬುದನ್ನು ಮರೆಯುತ್ತಾರೆ. ಸೋಮವಾರಪೇಟೆಯಿಂದ ಬರೆದ ನಿನ್ನ ಮಾವ 'ಬಾಡಿಗೆ ಕಾಯ್ದೆಯಲ್ಲಿ ಕೇಸು ಹಾಕಿ' ಎಂದಿದ್ದಾರಲ್ಲ, ಕರ್ನಾಟಕ ಬಾಡಿಗೆ ಕಾಯ್ದೆ 1999 ನಮ್ಮ ಮನೆಗೆ ಹೊಂದುವುದಿಲ್ಲ, ಅದರ ಮಿತಿ ದೊಡ್ಡ ನಗರಗಳಲ್ಲೇ ತಿಂಗಳಿಗೆ 3,500 ರೂಪಾಯಿ. ಕರಾರು ಇಲ್ಲದ ತಿಂಗಳ ಬಾಡಿಗೆಗೆ 15 ದಿನದ ನೋಟಿಸು ಸಾಕು, ಆದರೆ ಅವರು ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಹತ್ತಿದವರನ್ನು ನಾನು ಬಲ್ಲೆ, ವರ್ಷಗಳು ಉರುಳುತ್ತವೆ.

ಅಲ್ಲಿಗೆ ಹೋದರೂ 'ಮಾಲೀಕರು ಯಾರು' ಎಂಬ ಮೊದಲ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲ. ನಗರಸಭೆಯ ಖಾತೆ ಇನ್ನೂ ನಿನ್ನ ಅಪ್ಪನ ಹೆಸರಿನಲ್ಲೇ ಇದೆ. ಅವನು ವಿಲ್ ಬರೆದಿಲ್ಲ, ಆದ್ದರಿಂದ ನಿನ್ನ ಅಮ್ಮ, ನಿನ್ನ ಅಣ್ಣ ಮತ್ತು ನೀನು ಮೂವರಿಗೂ ಸಮ ಪಾಲು. ಮರಣ ಪ್ರಮಾಣಪತ್ರ, ವಂಶವೃಕ್ಷ, ಕಂದಾಯ ಕಟ್ಟಿದ ರಸೀದಿ ಇಟ್ಟು ಮೂವರ ಹೆಸರಿಗೆ ಖಾತೆ ಮಾಡಿಸಿ ಇ-ಖಾತೆ ಪಡೆದುಕೊಳ್ಳಿ. ಇ-ಖಾತೆ ಇಲ್ಲದೆ ಈಗ ಉಪನೋಂದಣಿ ಕಚೇರಿಯಲ್ಲಿ ಮಾರಾಟ, ಪಾಲು ಯಾವುದೂ ಮುಂದಕ್ಕೆ ಹೋಗುವುದಿಲ್ಲ. ಇನ್ನೊಂದು ವಿಷಯ, ಬಾಡಿಗೆ ಪೂರ್ತಿ ನಿನ್ನ ಅಣ್ಣನ ಬ್ಯಾಂಕ್ ಖಾತೆಗೆ ಹೋಗುತ್ತಿದೆಯಂತೆ. ವಿದೇಶದಲ್ಲಿ ನೆಲೆಸಿದವರಿಗೆ ಬಾಡಿಗೆ ಕೊಡುವವರು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕೆಂಬ ನಿಯಮವಿದೆ. ಪಾಪ, ಆ ಮೇಷ್ಟ್ರಿಗೆ ಇದು ಗೊತ್ತೇ ಇಲ್ಲ, ನಾಳೆ ನೋಟಿಸು ಬಂದರೆ ಅವರ ತಲೆಗೆ ಬರುತ್ತದೆ. ಪಾಲಿನ ಪ್ರಕಾರ ಹಣ ಹೇಗೆ ಹಂಚಬೇಕೆಂದು ಲೆಕ್ಕಪರಿಶೋಧಕರನ್ನು ಕೇಳಿ ಸರಿಮಾಡಿಕೊಳ್ಳಿ.

ತೆರಿಗೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳುತ್ತೇನೆ. ಬಾಡಿಗೆ ಆದಾಯದಲ್ಲಿ ನಗರಸಭೆಯ ಕಂದಾಯ ಕಳೆದು ಉಳಿದದ್ದರ ಶೇ. 30ರಷ್ಟಕ್ಕೆ ಸರ್ಕಾರ ಲೆಕ್ಕ ಕೇಳದೆ ವಿನಾಯಿತಿ ಕೊಡುತ್ತದೆ, ದುರಸ್ತಿ ಮುಂತಾದ ಖರ್ಚು ಇದ್ದೇ ಇರುತ್ತದೆ ಎಂಬ ಕಾರಣಕ್ಕೆ. ಮೇಲಂತಸ್ತೊಂದರದ್ದೇ ವರ್ಷದ ಬಾಡಿಗೆ 1,44,000, ಅದರಲ್ಲಿ ಆ ಪಾಲು 40 ಸಾವಿರಕ್ಕೂ ಹೆಚ್ಚು. ಮೂರು ವರ್ಷ ಆ ವಿನಾಯಿತಿ ತೆಗೆದುಕೊಂಡು ಮನೆಗೆ ಒಂದು ರೂಪಾಯಿಯನ್ನೂ ಹಾಕದೆ, ಈಗ 14,500ಕ್ಕೆ ಜಗಳ ತೆಗೆಯುವುದು ನ್ಯಾಯವಲ್ಲ.

ಕೆಳಮನೆಗೆ ಹೊಸದಾಗಿ ಬಂದವರು ಕರೆಂಟು ಬಿಲ್ಲು ಪೂರ್ತಿ ಬರುತ್ತಿದೆ ಎಂದು ದೂರುತ್ತಿದ್ದಾರೆಂದೂ ಬರೆದಿದ್ದೀಯ. ಅದು ಸುಲಭ. ಬಿಟ್ಟುಹೋದವರ ಆಧಾರ್ ಗೃಹಜ್ಯೋತಿಗಾಗಿ ನಮ್ಮ ಮೀಟರಿನ ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿಯೇ ಉಳಿದಿರಬೇಕು. ಅದನ್ನು ಬಿಡಿಸಿದರೆ ಹೊಸಬರು ಅರ್ಜಿ ಹಾಕಬಹುದು. ಇನ್ನು ಮುಂದೆ ಮನೆ ಬಿಡುವ ದಿನ ಕೀಲಿಯ ಜೊತೆಗೆ ಇದನ್ನೂ ಮುಗಿಸಿಕೊಳ್ಳಬೇಕು.

'ಈ ರಗಳೆಯೇ ಬೇಡ, ಹೋಂಸ್ಟೇ ಮಾಡಿ' ಎಂದವರಿಗೂ ಒಂದು ಮಾತು. ಮನೆಯವರು ಅಲ್ಲೇ ವಾಸವಿದ್ದು ಅತಿಥಿಗಳನ್ನು ಉಳಿಸಿಕೊಂಡರೆ ಅದು ಹೋಂಸ್ಟೇ. ನೀವು ಮೂವರಲ್ಲಿ ಯಾರೂ ಮಡಿಕೇರಿಯಲ್ಲಿಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ನಗರಸಭೆಯ ಪರವಾನಗಿ, ಶನಿವಾರ ಬರುವ ನಾಲ್ಕು ಕಾರಿಗೆ ಆ ಇಕ್ಕಟ್ಟಿನ ಬೀದಿಯಲ್ಲಿ ಜಾಗ, ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು, ಇವನ್ನೆಲ್ಲ ನೋಡುವವರು ಯಾರು? ನನ್ನ ಇನ್ನೊಂದು ಮನೆಯನ್ನು ಸಂಸಾರಕ್ಕೆಂದು ಬಾಡಿಗೆ ಪಡೆದವರೊಬ್ಬರು ನನಗೆ ತಿಳಿಯದಂತೆ ವಾರಾಂತ್ಯಕ್ಕೆ ಪ್ರವಾಸಿಗರಿಗೆ ಕೊಡುತ್ತಿದ್ದರು. ಒಂದು ರಾತ್ರಿ ಗಲಾಟೆಯಾಗಿ, ಮರುದಿನ ಠಾಣೆಯಲ್ಲಿ ಉತ್ತರ ಕೊಡಬೇಕಾದವನು ನಾನಾದೆ. ಒಳಬಾಡಿಗೆಗೆ ಕೊಡಬಾರದು ಎಂದು ನಾನು ಕರಾರಿನಲ್ಲಿ ಬರೆಸಿರಲಿಲ್ಲ. ಬರೆಸದಿದ್ದರೆ ಕಾಯ್ದೆಯೇ ಅದಕ್ಕೆ ಅವಕಾಶ ಕೊಡುತ್ತದೆ. ಹೊಸ ಕರಾರಿನಲ್ಲಿ ಆ ಸಾಲು ಇರಲೇಬೇಕು.

ಮನೆಯ ಹಿಂದಿನ ಬರೆಯ, ಅಂದರೆ ಆ ಕಡಿದಾದ ಮಣ್ಣಿನ ದಿಬ್ಬದ, ಬಗ್ಗೆ ಮೇಷ್ಟ್ರು ತಾವಾಗಿ ಒಂದು ವಿಷಯ ಹೇಳಿದರು, ಅದು ನನ್ನನ್ನು ಬೆಳಿಗ್ಗೆಯಿಂದ ಕಾಡುತ್ತಿದೆ. ತಡೆಗೋಡೆಯ ಕೆಳಗಿನ ಎರಡು ಪೈಪುಗಳಿಂದ ಈ ವರ್ಷ ನೀರು ಬರುತ್ತಿಲ್ಲವಂತೆ. ಮಳೆಗಾಲದಲ್ಲಿ ಆ ಪೈಪುಗಳಿಂದ ನೀರು ಧಾರೆಯಾಗಿ ಸುರಿಯಬೇಕು. ಸುರಿಯದಿದ್ದರೆ ನೀರು ಗೋಡೆಯ ಹಿಂದೆ ನಿಂತಿದೆ ಎಂದೇ ಅರ್ಥ. 2018ರ ಆಗಸ್ಟಿನಲ್ಲಿ ಇದೇ ಊರಿನಲ್ಲಿ ಬರೆ ಕುಸಿದು ಮನೆಗಳು ಹೋದದ್ದನ್ನು ಕಣ್ಣಾರೆ ಕಂಡವರು ನಾವು. ಅಲ್ಲೊಂದು ಸಂಸಾರವಿದೆ, ಮಕ್ಕಳಿದ್ದಾರೆ. ಬಾಡಿಗೆಯ ಲೆಕ್ಕಕ್ಕಿಂತ ಮೊದಲು ಇದು ಆಗಬೇಕು.

ಅದಕ್ಕಾಗಿ ನಾಳೆ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟ ಕೂಡಲೇ ಮೇಸ್ತ್ರಿಯನ್ನು ಕರೆದುಕೊಂಡು ನಾನೇ ಹೋಗುತ್ತೇನೆ. ಪೈಪಿನ ಬಾಯಿ ಬಿಡಿಸಿ, ಮಾಡನ್ನೂ ಕೆಳಗಿನ ಗೋಡೆಯ ಒರತೆಯನ್ನೂ ನೋಡಿ, ಚಿತ್ರ ತೆಗೆದು ನಿಮ್ಮ ಮೂವರಿಗೂ ಕಳುಹಿಸುತ್ತೇನೆ. ನೀನು ಇಂದೇ ಮೇಷ್ಟ್ರಿಗೆ, ಬಿಲ್ಲುಗಳನ್ನು ನೋಡಿದೆವು, 14,500 ಲೆಕ್ಕಕ್ಕೆ ಸರಿಹೋಯಿತು, ತಡಮಾಡಿದ್ದು ನಮ್ಮ ತಪ್ಪು ಎಂದು ಬರೆದು ತಿಳಿಸು. ಫೋನಿನಲ್ಲಿ ಹೇಳಿದರೆ ಸಾಲದು, ಬರಹದಲ್ಲಿ ಇರಲಿ. ಆಗಸ್ಟ್‌ನಲ್ಲಿ ರಜೆ ನೋಡಿಕೊಂಡು ಅಮ್ಮನನ್ನು ಕರೆದುಕೊಂಡು ಬಾ, ಖಾತೆಯ ಅರ್ಜಿಗೆ ಅವಳ ಸಹಿ ಬೇಕು. ನಿನ್ನ ಅಪ್ಪನ ವಾಷರ್ ಡಬ್ಬಿ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇರಬೇಕು. ಅದರ ಕೀಲಿ ಯಾರ ಹತ್ತಿರ ಇದೆ ಎಂದು ಅಮ್ಮನನ್ನು ಕೇಳಿ ಇಂದು ರಾತ್ರಿಯೊಳಗೆ ತಿಳಿಸು.