ಸಹಾಯ ಬೇಕು: ಮನೆಯಲ್ಲಿ ಕಟ್ಟುವ ಸೋಲಾರ್ ಪ್ಯಾನೆಲ್‌ಗೆ ಇವಿಎ ಶೀಟಾ, ಸಿಲಿಕೋನಾ?

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ತೋಟದ ಮನೆಗೆ 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡಲು 36 ಸೆಲ್‌ಗಳ ಪ್ಯಾನೆಲ್ ಕಟ್ಟುತ್ತಿದ್ದೇನೆ. ಸೆಲ್‌ಗಳನ್ನು ಜೋಡಿಸುವ ರಿಬ್ಬನ್ (ಚಪ್ಪಟೆ ತಾಮ್ರದ ತಂತಿ) ಬೆಸುಗೆ ಮುಗಿದಿದೆ, ಟಫನ್ಡ್ ಗಾಜೂ ಬಂದಿದೆ. ಗಾಜಿಗೂ ಸೆಲ್‌ಗೂ ನಡುವೆ ಏನು ತುಂಬಿಸಲಿ?

ಇವಿಎ ಶೀಟ್ (ಬಿಸಿಗೆ ಕರಗಿ ಅಂಟಿಕೊಳ್ಳುವ ಪ್ಲಾಸ್ಟಿಕ್ ಹಾಳೆ) ಅಗ್ಗ, ಕಂಪನಿಗಳೂ ಜಾಸ್ತಿ ಅದನ್ನೇ ಬಳಸುತ್ತವೆ. ಆದರೆ ಅದಕ್ಕೆ ಸುಮಾರು 145 ಡಿಗ್ರಿ ಬಿಸಿ ಬೇಕು, ಗಾಳಿ ಎಳೆಯಲು ವ್ಯಾಕ್ಯೂಮ್ ಬೇಕು. ಸುಮ್ನೆ ಹೀಟ್ ಗನ್ ಹಿಡಿದರೆ ಹಾಲಿನ ಬಣ್ಣ ಹೋಗಿ ತಿಳಿಯಾಗುತ್ತದೆ, ಆಯ್ತು ಅಂದುಕೊಳ್ಳುತ್ತೇವೆ, ಒಳಗೆ ಮಾತ್ರ ಸರಿಯಾಗಿ ಕ್ಯೂರ್ ಆಗಿರುವುದಿಲ್ಲ (ಬಲಿತು ಗಟ್ಟಿಯಾಗಿರುವುದಿಲ್ಲ), ಸೆಲ್ ಅಂಚಲ್ಲಿ ಗುಳ್ಳೆಗಳು ಉಳಿದಿರುತ್ತವೆ. ಸಿಲ್‌ಗಾರ್ಡ್ 184 ತರಹದ ಎರಡು ಭಾಗದ ಸಿಲಿಕೋನ್ ಆದರೆ 10 ಪಾಲು ಸಿಲಿಕೋನ್‌ಗೆ 1 ಪಾಲು ಗಟ್ಟಿಕಾರಕ ತೂಕದಲ್ಲಿ ಕಲಸಿ ಸುರಿದರೆ ಸಾಕು, ಬಿಸಿ ಮಾಡದೆಯೂ ಗಟ್ಟಿಯಾಗುತ್ತದೆ. ಬೆಲೆ ಮಾತ್ರ ಕೈ ಸುಡುತ್ತದೆ.

ದಯವಿಟ್ಟು ಎಪಾಕ್ಸಿ ಹೇಳಬೇಡಿ, ಬಿಸಿಲಿಗೆ ಹಳದಿಯಾಗುತ್ತದೆ. ವಿನೆಗರ್ ವಾಸನೆ ಬರುವ ಸೀಲೆಂಟ್ ಕೂಡ ಬೇಡ, ಆ ಆಮ್ಲ ತಾಮ್ರದ ರಿಬ್ಬನ್ ತಿನ್ನುತ್ತದೆ.

ನಮ್ಮ ಕಡೆ ಮಳೆಗಾಲದ ತೇವ ಗೊತ್ತಲ್ವಾ? ಮಲೆನಾಡಲ್ಲಿ ಸಿಲಿಕೋನ್ ಸುರಿದು ಪ್ಯಾನೆಲ್ ಮಾಡಿದವರು ಇದ್ದರೆ, ಸೆಲ್ ಕೆಳಗಿನ ಗುಳ್ಳೆ ಹೇಗೆ ತೆಗೆದಿರಿ, ಅಂಚನ್ನು ಯಾವುದರಿಂದ ಮುಚ್ಚಿದಿರಿ ಹೇಳಿ. ಈ ಸಿಲಿಕೋನ್ ಒಂದೆರಡು ಕೆಜಿ ಬಿಡಿಯಾಗಿ ಕೊಡುವ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ.