ಕಾರ್ಬನ್ ಪೇಪರ್ ಎಲೆಕ್ಟ್ರೋಡ್: ತುಂಡಿಗೊಂದು ಕರೆಂಟ್ ಬರ್ತಿದೆ, ಯಾಕೆ?

ಲ್ಯಾಬ್_ಹುಳು: ಟೋರೆ ಕಂಪನಿಯ ಕಾರ್ಬನ್ ಪೇಪರ್ (ಕಾರ್ಬನ್ ನಾರಿನ ಹಾಳೆ) ಮೇಲೆ ನಿಕ್ಕಲ್ ಕ್ಯಾಟಲಿಸ್ಟ್ (ವೇಗವರ್ಧಕ) ಇಂಕ್ ಹಚ್ಚಿ 1 ಮೋಲಾರ್ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಸಿವಿ (ಸೈಕ್ಲಿಕ್ ವೋಲ್ಟಾಮೆಟ್ರಿ, ವೋಲ್ಟೇಜ್ ಏರಿಸಿ ಇಳಿಸುತ್ತಾ ಕರೆಂಟ್ ಅಳೆಯುವುದು) ತೆಗೆಯುತ್ತಿದ್ದೇನೆ. ಒಂದೇ ಹಾಳೆಯ ಎರಡು ತುಂಡು, ಆದರೆ ಕರೆಂಟ್ ಬೇರೆ ಬೇರೆ. ನೀರಿನ ಹನಿ ಹಾಕಿದರೆ ಒಳಗಿಳಿಯದೆ ಮುತ್ತಿನ ಹಾಗೆ ಉರುಳುತ್ತೆ. ಏನು ಮಾಡಲಿ?

ಗ್ರಾಫೈಟ್ ಗೌಡ: ಟೆಫ್ಲಾನ್ ಹಚ್ಚಿದ್ದಾ, ಹಚ್ಚದ್ದಾ? ಮೊದಲು ಪ್ಯಾಕೆಟ್ ನೋಡಿ. ಟೆಫ್ಲಾನ್ ಇರುವುದು ಫ್ಯೂಯೆಲ್ ಸೆಲ್‌ಗೆ, ಅಲ್ಲಿ ನೀರು ತುಂಬಿಕೊಳ್ಳಬಾರದು ಅಂತಲೇ ಹಾಕಿರ್ತಾರೆ. ನಿಮಗೆ ಹಚ್ಚದ್ದು ಬೇಕು. ಅದೂ ಸುಲಭವಾಗಿ ನೆನೆಯಲ್ಲ. ನೆನೆಯುವಂತಾಗಲು ಇಂಕ್ ಹಚ್ಚುವ ಮೊದಲು ಸ್ವಲ್ಪ ಹೊತ್ತು ಆಕ್ಸಿಜನ್ ಪ್ಲಾಸ್ಮಾ (ಅಯಾನೀಕರಿಸಿದ ಆಕ್ಸಿಜನ್ ಅನಿಲ) ಕೊಡಿ, ಅಥವಾ ಗಾಳಿಯಲ್ಲಿ 400 ಡಿಗ್ರಿ ಆಸುಪಾಸು ಕಾಯಿಸಿ. ಟೆಫ್ಲಾನ್ ಇರುವುದನ್ನು ಮಾತ್ರ ಫರ್ನೇಸ್‌ಗೆ ಹಾಕಬೇಡಿ, ವಿಷದ ಹೊಗೆ ಬರುತ್ತೆ.

ಸೆಲ್ಲು_ಸರ್ಕೀಟು: ನೆನೆದ ಮೇಲೆ ಇನ್ನೊಂದು ತಲೆನೋವು ಶುರು. ದ್ರಾವಣ ನಾರುಗಳ ಸಂದಿನಲ್ಲೇ ಮೇಲೇರಿ ಮೊಸಳೆ ಕ್ಲಿಪ್‌ವರೆಗೂ ಹೋಗುತ್ತೆ, ಕ್ಲಿಪ್ ತುಕ್ಕು ಹಿಡಿದು ಕಬ್ಬಿಣ ಸೆಲ್‌ಗೆ ಇಳಿಯುತ್ತೆ. ನಿಕ್ಕಲ್‌ಗೆ ಚೂರು ಕಬ್ಬಿಣ ಸೇರಿದರೂ ಆಕ್ಸಿಜನ್ ಬಿಡುಗಡೆಯ ಕರೆಂಟ್ ಜಾಸ್ತಿಯಾಗುತ್ತೆ, ನೀವು ಸುಮ್ನೆ ಕ್ಯಾಟಲಿಸ್ಟ್ ಚೆನ್ನಾಗಿದೆ ಅಂದ್ಕೋತೀರಿ! ತುದಿಯಲ್ಲಿ 1 ಚದರ ಸೆಂ.ಮೀ. ಬಿಟ್ಟು, ಅದಕ್ಕೂ ಕ್ಲಿಪ್‌ಗೂ ನಡುವೆ ಎಪಾಕ್ಸಿ ಪಟ್ಟಿ ಎಳೆಯಿರಿ, ಅಂಟು ಒಳಗಿನ ತನಕ ಇಳಿಯಬೇಕು. ಹಿಂಬದಿಯೂ ಕೆಲಸ ಮಾಡುತ್ತೆ, ಅದನ್ನೂ ಮುಚ್ಚಿ, ಇಲ್ಲವೇ ಲೆಕ್ಕಕ್ಕೆ ಹಿಡಿಯಿರಿ.

ಲ್ಯಾಬ್_ಹುಳು: ಪ್ಯಾಕೆಟ್ ನೋಡಿದೆ, ಟೆಫ್ಲಾನ್ ಇರೋದೇ. ಎಪಾಕ್ಸಿ ಬದಲು ನೇಲ್ ಪಾಲಿಶ್ ನಡೆಯುತ್ತಾ?

ಸೆಲ್ಲು_ಸರ್ಕೀಟು: ಎಥನಾಲ್ ತಾಗಿದರೆ ಕರಗಬಹುದು. ಎಪಾಕ್ಸಿಯೇ ವಾಸಿ. ಹೋಲಿಸಿ ನೋಡೋಕೆ ಕ್ಯಾಟಲಿಸ್ಟ್ ಇಲ್ಲದ ಬರೀ ಪೇಪರ್‌ದೂ ಒಂದು ಸಿವಿ ತೆಗೆದಿಟ್ಟುಕೊಳ್ಳಿ.