ಸ್ಕ್ಯಾನ್ ಆದ್ಮೇಲೆ ಸ್ಟೇಜ್ ‘ಏರಿತು’ ಅನ್ನೋದಕ್ಕೆ ಬೇರೆ ಮಾತು ಬೇಕು

ಎಲ್ರಿಗೂ ನಮಸ್ಕಾರ,

ಪ್ರಾಸ್ಟೇಟ್ ಕ್ಯಾನ್ಸರ್ ಬಗ್ಗೆ ಮಂಡ್ಯ ಕಡೆಯ ಮನೆಗಳಲ್ಲಿ ಓದ್ಕೊಳ್ಳೋ ಹಾಗೆ ಒಂದು ಚಿಕ್ಕ ಕೈಪಿಡಿ ಬರೀತಿದೀನಿ, ಅದ್ರಲ್ಲಿ ‘ಸ್ಟೇಜ್ ಏರಿತು’ ಅನ್ನೋ ಒಂದು ಕ್ರಿಯಾಪದದ ಹತ್ರ ಕೆಲ್ಸ ನಿಂತಿದೆ (ಸ್ಟೇಜ್ ಅಂದ್ರೆ ಕಾಯಿಲೆ ಎಲ್ಲಿವರೆಗೂ ಹಬ್ಬಿದೆ ಅನ್ನೋ ಲೆಕ್ಕ). ಮದ್ದೂರಿನ ನಮ್ಮ ದೊಡ್ಡಪ್ಪನಿಗೆ ಮೊದ್ಲು ಸಿಟಿ, ಬೋನ್ ಸ್ಕ್ಯಾನ್ ಮಾಡಿ ಎಲ್ಲೂ ಹಬ್ಬಿಲ್ಲ ಅಂದಿದ್ರು, ಆಮೇಲೆ ಬೆಂಗ್ಳೂರಲ್ಲಿ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡ್ಸಿದ್ರೆ ಸೊಂಟದ ಮೂಳೇಲಿ ಸಣ್ಣದಾಗಿ ಕಾಣಿಸ್ತು. ಮನೇಲಿ ಎಲ್ರೂ ಹೇಳಿದ್ದು ಒಂದೇ, ‘ಇಷ್ಟು ಬೇಗ ಸ್ಟೇಜ್ ಏರ್ಬುಡ್ತಲ್ಲಪ್ಪ, ಆ ಬಯಾಪ್ಸಿ ಸೂಜಿ ಹಾಕಿದ್ದಕ್ಕೇ ಕೆರಳ್ತೇನೋ’. ದೊಡ್ಡಮ್ಮ ಅಂತೂ ತಾನೇ ತಡ ಮಾಡ್ದೆ ಅಂತ ಅಳ್ತಾ ಕೂತ್ರು.

ಆದ್ರೆ ಅಲ್ಲಿ ಏರಿದ್ದು ಕಾಯಿಲೆ ಅಲ್ಲ. ಸಿಟಿ ಸ್ಕ್ಯಾನ್ ದುಗ್ಧಗ್ರಂಥಿನ (ಲಿಂಫ್ ನೋಡ್) ಮುಖ್ಯವಾಗಿ ಗಾತ್ರ ನೋಡಿ ಅಳೆಯುತ್ತೆ, ಸುಮಾರು 8–10 ಮಿಲಿಮೀಟರ್‌ಗಿಂತ ಚಿಕ್ಕದಿದ್ರೆ ಒಳಗೆ ಕ್ಯಾನ್ಸರ್ ಇದ್ರೂ ಸಾಮಾನ್ಯವಾಗಿ ನಾರ್ಮಲ್ ಅಂತಾನೇ ಬರುತ್ತೆ, ಬೋನ್ ಸ್ಕ್ಯಾನ್ ತೋರ್ಸೋದು ಕ್ಯಾನ್ಸರನ್ನಲ್ಲ, ಅದಕ್ಕೆ ಮೂಳೆ ಹೇಗೆ ಪ್ರತಿಕ್ರಿಯೆ ಕೊಡ್ತಿದೆ ಅನ್ನೋದನ್ನ. ಪಿಎಸ್‌ಎಂಎ ಹಾಗಲ್ಲ, ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳ ಮೇಲೆ ಹೇರಳವಾಗಿರೋ ಒಂದು ಪ್ರೋಟೀನಿಗೇ ಗ್ಯಾಲಿಯಂ-68 ಥರದ ವಿಕಿರಣ ವಸ್ತು ಹೋಗಿ ಅಂಟ್ಕೊಂಡು ಅಲ್ಲಲ್ಲೇ ಹೊಳೆಯುತ್ತೆ, ಹಂಗಾಗಿ ತುಂಬ ಚಿಕ್ಕದೂ ಸಿಕ್ಕಿಬೀಳುತ್ತೆ. ಆಸ್ಟ್ರೇಲಿಯಾದಲ್ಲಿ ಅಪಾಯ ಹೆಚ್ಚಿರೋ 302 ಗಂಡಸರ ಮೇಲೆ ಮಾಡಿ 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನದಲ್ಲಿ ಇದರ ನಿಖರತೆ 92%, ಸಿಟಿ ಮತ್ತು ಬೋನ್ ಸ್ಕ್ಯಾನ್ ಸೇರಿಸಿದ್ರೂ 65%. ಹೊಳೆದದ್ದೆಲ್ಲಾ ಕ್ಯಾನ್ಸರೂ ಅಲ್ಲ, ಪಕ್ಕೆಲುಬಲ್ಲಿ ಒಂಟಿ ಚುಕ್ಕೆ ಕಂಡ್ರೆ ಡಾಕ್ಟರು ಹುಷಾರಾಗೇ ಓದ್ತಾರೆ.

ಈಗ ನನ್ನ ಕಷ್ಟ. ‘ಹಂತ’ ಅಂದ್ರೇನೇ ಮೆಟ್ಲು, ಒಂದಾದ್ಮೇಲೆ ಒಂದು ಹತ್ತೋ ಅರ್ಥ ಅದ್ರೊಳಗೇ ಇದೆ, ಅದಕ್ಕೆ ‘ಏರಿತು’ ಸೇರಿದ್ರೆ ಕಾಯಿಲೆ ನಡ್ಕೊಂಡು ಹೋಯ್ತು ಅಂತಾನೇ ಕೇಳುತ್ತೆ. ‘ಮಟ್ಟ’ ಅಂದ್ರೆ ಇನ್ನೂ ಕಷ್ಟ, ಕೆಆರ್‌ಎಸ್ ನೀರಿನ ಮಟ್ಟ ಏರೋದು ಇಳಿಯೋದನ್ನೇ ಪೇಪರಲ್ಲಿ ಓದೋರು ನಾವು. ಯಾರೋ ‘ಮೇಲ್ದರ್ಜೆಗೇರಿಸಲಾಯಿತು’ ಅಂತ ಬರ್ಕೊಟ್ರು, ಅದು ಆರೋಗ್ಯ ಕೇಂದ್ರನ ತಾಲ್ಲೂಕು ಆಸ್ಪತ್ರೆ ಮಾಡಿದಾಗ ಹೇಳೋ ಮಾತು, ಬೇಡ್ವೇ ಬೇಡ. ‘ದರ್ಜೆ’ನ ಗ್ರೇಡ್‌ಗೆ ಇಟ್ಕೋಬೇಕು ಅಂತಿದ್ದೆ, ಯಾಕಂದ್ರೆ ಬಯಾಪ್ಸಿ ರಿಪೋರ್ಟಲ್ಲಿ ‘ಗ್ರೇಡ್ ಗ್ರೂಪ್ 4’ ನೋಡಿ ನಾಲ್ಕನೇ ಸ್ಟೇಜ್ ಅಂತ ಹೆದರಿದೋರು ತುಂಬ ಜನ ಇದಾರೆ, ಅದು ಗ್ಲೀಸನ್ ಅನ್ನೋ ಅಂಕದಲ್ಲಿ 8, ಜೀವಕೋಶ ಎಷ್ಟು ಉಗ್ರವಾಗಿ ಕಾಣ್ತಿವೆ ಅನ್ನೋ ಲೆಕ್ಕ, ಎಲ್ಲಿವರೆಗೂ ಹಬ್ಬಿದೆ ಅನ್ನೋದಲ್ಲ. ಆದ್ರೆ ನಮ್ಮಲ್ಲಿ ಮೊದಲ ದರ್ಜೆ ಅಂದ್ರೆ ಎಲ್ಲಕ್ಕಿಂತ ಮೇಲಿನದು, ಗ್ರೇಡಲ್ಲಿ ಒಂದು ಅಂದ್ರೆ ಎಲ್ಲಕ್ಕಿಂತ ಕಮ್ಮಿ, ಅದಕ್ಕೇ ಅಲ್ಲೂ ಗ್ರೇಡ್ ಅಂತಾನೇ ಬಿಡೋಣ ಅನ್ಸಿದೆ.

ಸ್ಕ್ಯಾನಿಂದ ಸ್ಟೇಜ್ ಬದಲಾದದ್ದಕ್ಕೆ ನಾನು ಸದ್ಯಕ್ಕೆ ಬರೆದಿರೋದು ‘ಮೊದಲೇ ಹಬ್ಬಿದ್ದು ಈಗ ಕಾಣಿಸಿತು, ಅದಕ್ಕೆ ಸ್ಟೇಜ್ ತಿದ್ದಿದರು’ ಅಂತ. ತಿದ್ದೋದು ಅಂದಾಗ ತಿದ್ದೋರು ಡಾಕ್ಟರು, ಕಾಯಿಲೆ ಅಲ್ಲ, ಇದು ನಂಗೆ ಹಿಡಿಸ್ತು. ನಮ್ಮ ಚಿಕ್ಕಪ್ಪ ಮಾತ್ರ ‘ತಿದ್ದಿದ್ರು ಅಂದ್ರೆ ಮೊದ್ಲು ತಪ್ಪು ಮಾಡಿದ್ರಾ’ ಅಂತ ಕೇಳಿದ್ರು, ಅದೂ ನ್ಯಾಯವಾದ ಪ್ರಶ್ನೆ, ಮೊದ್ಲಿನ ಡಾಕ್ಟರು ಇದ್ದ ಸ್ಕ್ಯಾನಲ್ಲಿ ಕಂಡದ್ದನ್ನೇ ಹೇಳಿದ್ರು. ‘ಸ್ಟೇಜ್ ಹೊಸದಾಗಿ ಗೊತ್ತುಮಾಡಿದರು’ ಅಂದ್ರೆ ಹೇಗೆ? ಮದುವೆ ಗೊತ್ತುಮಾಡೋದು ಅಂತೀವಲ್ಲ, ಆ ಅರ್ಥ ಅಡ್ಡ ಬರುತ್ತಾ? ಹಳ್ಳಿ ಕಡೆ ನಿಮ್ಮಲ್ಲಿ ಏನಂತಾರೋ ಹಾಗೇ ಬರೆದು ಕಳ್ಸಿ, ಮುಂದಿನ ವಾರ ಪ್ರಿಂಟಿಗೆ ಕೊಡ್ಬೇಕು.